ಲೂರ್ ಇರಲಿ, ಅದರ ಗಾಳ ಬದಲಿಸಿ: ಮಂಗಳೂರಿನ ಅಳಿವೆಗಳಲ್ಲಿ ಬಾಸ್ ಸೆಟ್‌ನ ದೀರ್ಘ ಬಳಕೆ

ಏಳು ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, 3000 ಗಾತ್ರದ ರೀಲ್, ಎಳೆಗಳನ್ನು ಹೆಣೆದ ಬ್ರೇಡ್ ದಾರ, ಒಂದು ಡಬ್ಬಿ ಲೂರ್, ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆ. ಸಿಹಿನೀರಿನ ಬಾಸ್ ಮೀನು ಹಿಡಿಯುವವರಿಗೆಂದು ಮಾರುವ ಈ ಸೆಟ್ಟನ್ನು ಹಲವು ವರ್ಷಗಳಿಂದ ಕೂಳೂರು, ಉಳ್ಳಾಲ, ಸಸಿಹಿತ್ಲು, ಆಗೀಗ ಉಡುಪಿ ಕಡೆಯ ಕೆಮ್ಮಣ್ಣಿನಲ್ಲಿ ಬಳಸುತ್ತಾ ಬಂದಿದ್ದೇನೆ. ತೀರ್ಪನ್ನು ಮೊದಲೇ ಹೇಳುತ್ತೇನೆ. ರಾಡ್ ಗಟ್ಟಿ, ಲೂರ್‌ಗಳ ಈಜು ಬಹಳ ಚೆನ್ನ. ಆದರೆ ಲೂರ್‌ನ ಹೊಟ್ಟೆಯಡಿ ತೂಗುವ ಗಾಳಗಳು ಮತ್ತು ಅವನ್ನು ಹಿಡಿದಿರುವ ಉಂಗುರಗಳು ನಮ್ಮ ನೀರಿಗೆ ತಾಳುವುದಿಲ್ಲ. ಲೂರ್ ಕೊಂಡ ದಿನವೇ ಅವನ್ನು ಬಿಚ್ಚಿ ಬೇರೆ ಹಾಕುವುದು ನನ್ನ ಪದ್ಧತಿ. ಈ ಸೆಟ್ ಕೊಳ್ಳಲು ಹೊರಟವರು ಆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಕೆರೆ, ನದಿಗಳ ಮೀನು. ನಮ್ಮ ನೇತ್ರಾವತಿಯಲ್ಲಾಗಲಿ ಫಲ್ಗುಣಿಯಲ್ಲಾಗಲಿ ಅದು ಇಲ್ಲ. ನಮಗೆ ಸಿಗುವುದು ಅಳಿವೆಯ ಸೀಬಾಸ್ (ಬಾರಮುಂಡಿ), ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಅಡಗುವ ಕೆಂಬೇರಿ ಮೀನು, ಒಳನಾಡಿನ ತೋಡು, ಮದಗಗಳಲ್ಲಿ ಹಾವಿನಂಥ ತಲೆಯ ಮುರ್ರೆಲ್ ಮೀನು. ಬೇಟೆಯಾಡುವ ರೀತಿ ಮಾತ್ರ ಎಲ್ಲಕ್ಕೂ ಒಂದೇ. ಕಂಬದ ನೆರಳಿನಲ್ಲೋ ಬೇರಿನ ಸಂದಿನಲ್ಲೋ ಕಾದಿದ್ದು, ಹತ್ತಿರ ಬಂದದ್ದನ್ನು ದೊಡ್ಡ ಬಾಯಿ ತೆರೆದು ನೀರಿನೊಂದಿಗೆ ಒಳಗೆಳೆಯುತ್ತವೆ. ಅಲ್ಲಿಯ ಬಾಸ್‌ಗೆ ಮಾಡಿದ ಲೂರ್ ಇಲ್ಲಿಯ ಸೀಬಾಸ್‌ಗೂ ನಡೆಯುವುದು ಇದರಿಂದಲೇ. ನೀರು ಮಾತ್ರ ಅದಲ್ಲ. ಮುಂಗಾರಿನಲ್ಲಿ ಕೆಂಪಾಗಿ ತುಂಬಿ ಹರಿಯುವ ನದಿಯಲ್ಲಿ ಉಪ್ಪಿನ ಸುಳಿವೇ ಇರುವುದಿಲ್ಲ. ಅದೇ ಜಾಗದಲ್ಲಿ ಮಾರ್ಚ್, ಏಪ್ರಿಲ್‌ಗೆ ನೀರು ಬಾಯಿಗಿಡಲಾಗದಷ್ಟು ಉಪ್ಪು. ಒಂದೇ ಸೆಟ್ ಎರಡನ್ನೂ ತಡೆದುಕೊಳ್ಳಬೇಕು.

ರಾಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಸೆಯಬಹುದಾದ ಲೂರ್‌ನ ತೂಕ 7–21 ಗ್ರಾಂ ಎಂದು ಅದರ ಮೇಲೆ ಬರೆದಿದೆ. ನಿಜವಾಗಿ ಚೆನ್ನಾಗಿ ಎಸೆಯುವುದು 10ರಿಂದ 18 ಗ್ರಾಂವರೆಗೆ. ತುದಿಯ ಮೂರನೇ ಒಂದು ಭಾಗ ಮಾತ್ರ ಬಾಗುವ ಫಾಸ್ಟ್ ಆ್ಯಕ್ಷನ್ ಇದಾದ್ದರಿಂದ ಮೆತ್ತನೆಯ ಲೂರ್‌ನ ಮೇಲೆ ಬಿದ್ದ ಸಣ್ಣ ತಟ್ಟು ಕೂಡ ಕೈಗೆ ಗೊತ್ತಾಗುತ್ತದೆ. ದಡದ ಮರಗಳ ಕೆಳಗೆ ನಿಂತು ಎಸೆಯುವವರಿಗೆ ಏಳು ಅಡಿಗಿಂತ ಉದ್ದದ್ದು ಬೇಡ. ಹಿಡಿಯ ವಿಷಯದಲ್ಲಿ ಒಂದು ಕಿವಿಮಾತು: ಕಾರ್ಕ್ ನೋಡಲು ಚೆಂದ, ಆದರೆ ನಮ್ಮ ಆಟಿಯ ಮಳೆಯಲ್ಲಿ ಮೂಲೆಯಲ್ಲಿಟ್ಟ ಕಾರ್ಕ್ ಹಿಡಿಗೆ ಬೂಸ್ಟು ಹಿಡಿಯುತ್ತದೆ. ಕಪ್ಪು ಫೋಮ್ ಹಿಡಿಯದನ್ನೇ ಕೊಳ್ಳಿ. ಎರಡು ತುಂಡಿನ ರಾಡ್ ಆದರೆ ಸ್ಕೂಟರಿನಲ್ಲಿ ಒಯ್ಯುವುದು ಸುಲಭ. ಜೋಡಿಸುವ ಜಾಗಕ್ಕೆ ಮೇಣದ ಬತ್ತಿ ಉಜ್ಜಿದರೆ ಎಸೆತದ ನಡುವೆ ಸಡಿಲವಾಗುವುದಿಲ್ಲ.

ರೀಲ್ ಕೊಳ್ಳುವಾಗ ಎಲ್ಲರೂ ಬೇರಿಂಗ್ ಎಷ್ಟು ಎಂದು ಕೇಳುತ್ತಾರೆ. ಕರಾವಳಿಯಲ್ಲಿ ಅದು ಮುಖ್ಯವಲ್ಲ. ಉಪ್ಪಿನಿಂದ ಮೊದಲು ಕೆಡುವುದು ಲೈನ್ ರೋಲರ್, ಅಂದರೆ ದಾರವನ್ನು ರೀಲ್‌ಗೆ ಸುತ್ತುವ ಬೇಲ್ ಕಂಬಿಯ ತುದಿಯಲ್ಲಿ ದಾರ ಹಾದು ಬರುವ ಸಣ್ಣ ಗಾಲಿ. ಅದು ತಿರುಗುವುದು ನಿಂತರೂ ರೀಲ್ ಏನೂ ಆಗದಂತೆ ಸುತ್ತುತ್ತಲೇ ಇರುತ್ತದೆ. ಗಾಲಿ ತಿರುಗದೆ ದಾರ ಒಂದೇ ಜಾಗದಲ್ಲಿ ಉಜ್ಜುತ್ತಾ ಹೋಗಿ ಗಾಲಿಯಲ್ಲಿ ಗೆರೆ ಕೊರೆಯುತ್ತದೆ. ಆ ಗೆರೆಯ ಅಂಚು ಮುಂದೆ ದಾರವನ್ನೇ ಸವೆಸುತ್ತದೆ. ದಾರವನ್ನು ಸ್ವಲ್ಪ ಬಿಗಿಯಾಗಿ ಹಿಡಿದು ನಿಧಾನವಾಗಿ ಸುತ್ತಿದರೆ ಗಾಲಿ ತಿರುಗುತ್ತಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಮನೆಗೆ ಬಂದಕೂಡಲೇ ನಾನು ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಚ್ಚಿಕೊಳ್ಳಬೇಕೆಂದು ನಿಯಂತ್ರಿಸುವ ತಿರುಪು) ಬಿಗಿ ಮಾಡಿ ನಲ್ಲಿಯ ತೆಳ್ಳಗಿನ ನೀರಿನಲ್ಲಿ ರೀಲ್ ತೊಳೆಯುತ್ತೇನೆ. ಪೈಪಿನಿಂದ ಜೋರಾಗಿ ನೀರು ಬಿಟ್ಟರೆ ಉಪ್ಪು ಒಳಗೇ ನುಗ್ಗುತ್ತದೆ. ಬಕೆಟ್‌ನಲ್ಲಿ ಮುಳುಗಿಸುವುದೂ ಬೇಡ. ಒಣಗಿದ ಮೇಲೆ ರೋಲರ್‌ಗೆ ಒಂದು ಹನಿ ಎಣ್ಣೆ ಬಿಟ್ಟು ಡ್ರ್ಯಾಗ್ ಪೂರ್ತಿ ಸಡಿಲಿಸಿಡುತ್ತೇನೆ. ಇಲ್ಲವಾದರೆ ಒಳಗಿನ ವಾಷರ್‌ಗಳು ಒತ್ತಿಕೊಂಡು ಅಂಟುತ್ತವೆ, ಮುಂದಿನ ದೊಡ್ಡ ಮೀನಿಗೆ ಡ್ರ್ಯಾಗ್ ಜಗ್ಗುತ್ತಾ ಬಿಡುತ್ತದೆ.

ಬಿಡಿಭಾಗಗಳ ವಿಷಯದಲ್ಲಿ ಮಾತ್ರ ನನಗೆ ಕೋಪವಿದೆ. ಬೇಲ್ ಸ್ಪ್ರಿಂಗ್ ತುಂಡಾದಾಗ ಮಾರಿದ ಆನ್‌ಲೈನ್ ಅಂಗಡಿಯವರು ಹೊಸ ರೀಲ್ ಕೊಳ್ಳಿ ಎಂದರು. ಹಂಪನಕಟ್ಟೆಯಲ್ಲಿ ವಾಚ್ ರಿಪೇರಿ ಮಾಡುವವರೊಬ್ಬರು ಉಕ್ಕಿನ ತಂತಿ ಬಾಗಿಸಿ ಸ್ಪ್ರಿಂಗ್ ಮಾಡಿಕೊಟ್ಟರು, ಅದು ಇಂದಿಗೂ ನಡೆಯುತ್ತಿದೆ. ಸಾವಿರಾರು ರೂಪಾಯಿಯ ಯಂತ್ರವನ್ನು ಬೆರಳುದ್ದದ ತಂತಿಗಾಗಿ ಎಸೆಯಿರಿ ಎನ್ನುವುದು ಗ್ರಾಹಕರಿಗೆ ಮಾಡುವ ಅನ್ಯಾಯ.

ದಾರಕ್ಕೆ ನಾನು ಧಾರಾಳವಾಗಿ ಖರ್ಚು ಮಾಡುತ್ತೇನೆ. ಪಿಇ ಎಂಬ ದಪ್ಪದ ಅಳತೆಯಲ್ಲಿ 1.5ರ ಎಂಟೆಳೆ ಬ್ರೇಡ್ ಸುಮಾರು 0.2 ಮಿಲಿಮೀಟರ್ ದಪ್ಪ. ಅಷ್ಟೇ ಬಲದ ತಂಗೂಸಿ ಬೇಕಾದರೆ ದಪ್ಪ ಅದರ ಎರಡು ಪಟ್ಟಿಗೂ ಮೀರುತ್ತದೆ. ತೆಳುವಾದ ದಾರ ಗಾಳಿಗೂ ಸೆಳೆತಕ್ಕೂ ಕಡಿಮೆ ಸಿಕ್ಕುತ್ತದೆ, ಎಸೆತ ದೂರ ಹೋಗುತ್ತದೆ. ಬ್ರೇಡ್ ಹಿಗ್ಗುವುದೇ ಇಲ್ಲ ಎನ್ನಬಹುದು, ಆದ್ದರಿಂದ ದೂರದ ಮೀನಿನ ಬಾಯಿಗೂ ಗಾಳ ನೆಡುತ್ತದೆ. ಅದರ ದೌರ್ಬಲ್ಯವೆಂದರೆ ಉಜ್ಜಾಟ. ಸೇತುವೆಯ ಕಂಬಕ್ಕೆ ಅಂಟಿದ ಚಿಪ್ಪಿಗೆ ಒಮ್ಮೆ ತಾಗಿದರೆ ಸಾಕು, ತುಂಡಾಗುತ್ತದೆ.

ಹೀಗಾಗಿ ತುದಿಯಲ್ಲಿ ಒಂದು ಮಾರಿನಷ್ಟು ಫ್ಲೂರೋಕಾರ್ಬನ್ ಲೀಡರ್, ಅಂದರೆ ಬ್ರೇಡ್ ಮತ್ತು ಲೂರ್ ನಡುವೆ ಉಜ್ಜಾಟ ತಾಳುವ ದಾರ, ಇರಲೇಬೇಕು. ಸೀಬಾಸ್‌ನ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಮೀನು ನೀರಿನಿಂದ ಹಾರಿ ತಲೆ ಕೊಡವುವಾಗ ಲೀಡರ್ ನೇರ ಆ ಅಂಚಿಗೇ ತಾಗುತ್ತದೆ. ಫಲ್ಗುಣಿಗೆ ನಾನು 30 ಪೌಂಡ್ ಬಲದ ಲೀಡರ್ ಕಟ್ಟುತ್ತೇನೆ, ಕಾಂಡ್ಲಾ ಬೇರಿನ ಹತ್ತಿರ ಕೆಂಬೇರಿಗೆ 40. ಕೆಂಬೇರಿ ಕಚ್ಚಿದ ಕ್ಷಣವೇ ಬೇರಿನೊಳಗೆ ಓಡುವುದರಿಂದ ಅಲ್ಲಿ ತೆಳು ಲೀಡರ್ ಹಾಕುವುದು ಮೀನಿಗೂ ಒಳ್ಳೆಯದಲ್ಲ. ತುಂಡಾದ ದಾರ, ಗಾಳ ಎಲ್ಲವೂ ಅದರ ಬಾಯಲ್ಲೇ ಉಳಿಯುತ್ತವೆ. ಪ್ರತಿ ಮೀನಿನ ನಂತರ ಲೀಡರ್‌ನ ಕೊನೆಯ ಒಂದು ಗೇಣನ್ನು ಹೆಬ್ಬೆರಳಿನ ಉಗುರು ಮತ್ತು ತೋರುಬೆರಳಿನ ನಡುವೆ ಎಳೆದು ನೋಡಬೇಕು. ಎಲ್ಲಾದರೂ ಉಗುರು ತಡೆದರೆ ಅಲ್ಲಿಂದ ಕತ್ತರಿಸಿ ಮತ್ತೆ ಕಟ್ಟಿ. ಬ್ರೇಡ್ ಮತ್ತು ಲೀಡರ್ ಜೋಡಿಸಲು ಎಫ್‌ಜಿ ಗಂಟು ಅತ್ಯುತ್ತಮ. ರಾಡ್‌ನ ಗೈಡ್‌ಗಳಲ್ಲಿ (ದಾರ ಹಾಯುವ ಉಂಗುರಗಳಲ್ಲಿ) ಸದ್ದಿಲ್ಲದೆ ಹಾದುಹೋಗುತ್ತದೆ. ದೋಣಿ ಅಲುಗಾಡುವಾಗ ಅದನ್ನು ಕಟ್ಟುವುದು ಕಷ್ಟವಾದರೆ ಡಬಲ್ ಯೂನಿ ಸಾಕು.

ಇನ್ನು ಲೂರ್‌ಗಳು. ಒಂದೇ ಒಂದನ್ನು ಇಟ್ಟುಕೊಳ್ಳಿ ಎಂದರೆ ನಾನು ಆಯುವುದು ನಾಲ್ಕು ಇಂಚಿನ, ಬಾಲ ಬಡಿಯುವ ಮೆತ್ತನೆಯ ಪ್ಯಾಡಲ್ ಟೇಲ್, ಹತ್ತು ಗ್ರಾಂ ಜಿಗ್‌ಹೆಡ್‌ನ (ತಲೆಗೆ ಭಾರ ಕೂಡಿಸಿದ ಗಾಳದ) ಮೇಲೆ. ಸೆಳೆತದ ಮೇಲ್ಭಾಗಕ್ಕೆ ಎಸೆದು, ಕಂಬದ ಪಕ್ಕದಲ್ಲಿ ಮುಳುಗಲು ಬಿಟ್ಟು, ತಳಕ್ಕೆ ತಾಗಿದ ಮೇಲೆ ನಿಧಾನವಾಗಿ ಸುತ್ತಿ. ಹೆಚ್ಚಿನ ಮೀನುಗಳು ಮುಳುಗುವಾಗಲೇ ಹಿಡಿಯುತ್ತವೆ. ಹೊತ್ತು ನೋಡಿ ಹೋಗುವುದು ಲೂರ್‌ಗಿಂತ ಮುಖ್ಯ. ಇಳಿತದ ಕೊನೆಯ ಒಂದೆರಡು ತಾಸಿನಲ್ಲಿ ಕಾಂಡ್ಲಾ ನಡುವಿನ ಸಣ್ಣ ಕಾಲುವೆಗಳಿಂದ ಮರಿಮೀನು, ಸಿಗಡಿ ನದಿಗೆ ಜಾರುತ್ತವೆ, ಸೀಬಾಸ್ ಆ ಬಾಯಿಯಲ್ಲೇ ಕಾದಿರುತ್ತದೆ. ಕೂಳೂರಿನಲ್ಲಿ ಕೈದಾರದಲ್ಲಿ ಕಾಣೆ ಮೀನು ಹಿಡಿಯುವ ಹಿರಿಯರೊಬ್ಬರು, ನಾನು ಲೂರ್‌ನಿಂದ ಲೂರ್ ಬದಲಿಸುತ್ತಿದ್ದುದನ್ನು ನೋಡಿ, "ಮೀನು ಉಂಟು ಮಾರಾಯರೇ, ನೀರು ನಿಂತಿದೆ ಅಷ್ಟೇ, ಸ್ವಲ್ಪ ಕುಳಿತುಕೊಳ್ಳಿ" ಎಂದಿದ್ದರು. ನೀರು ಹರಿಯತೊಡಗಿದ ಮೇಲೆ ಅದೇ ಲೂರ್‌ಗೆ ಮೀನು ಬಂತು.

ಮೆತ್ತನೆಯ ಲೂರ್‌ನ ಶತ್ರು ನಮ್ಮ ಅಳಿವೆಯ ಪಫರ್ ಮೀನು. ಬಾಲವನ್ನು ಅರ್ಧಚಂದ್ರಾಕಾರದಲ್ಲಿ, ಕತ್ತರಿಯಿಂದ ಕತ್ತರಿಸಿದಷ್ಟು ಚೊಕ್ಕವಾಗಿ ಕಚ್ಚಿ ಒಯ್ಯುತ್ತದೆ. ಅಂತಹ ಗುರುತು ಕಂಡರೆ ಜಾಗ ಬದಲಿಸಿ, ಇಲ್ಲವಾದರೆ ಇಡೀ ಪೊಟ್ಟಣ ಖಾಲಿಯಾಗುತ್ತದೆ. ಇವನ್ನು ಗಟ್ಟಿ ಪ್ಲಾಸ್ಟಿಕ್ ಲೂರ್ ಜೊತೆ ಒಂದೇ ಖಾನೆಯಲ್ಲಿ ಇಡಬೇಡಿ. ಎರಡೂ ಕರಗಿ ಒಂದಕ್ಕೊಂದು ಅಂಟುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯೊಳಗಂತೂ ಖಂಡಿತ ಬಿಡಬಾರದು.

ಗಟ್ಟಿ ಲೂರ್‌ಗಳಲ್ಲಿ ನನ್ನ ಮೆಚ್ಚಿನದು ಫಿನ್‌ಲೆಂಡ್ ಮೂಲದ ರಾಪಾಲಾ ಕಂಪನಿಯ ಎಕ್ಸ್‌ರ‍್ಯಾಪ್, 10 ಸೆಂಟಿಮೀಟರ್, 13 ಗ್ರಾಂನದು. ಎಳೆದು ನಿಲ್ಲಿಸಿದರೆ ತೇಲದೆ, ಮುಳುಗದೆ ಇದ್ದಲ್ಲೇ ನಿಲ್ಲುವಂತೆ ಮಾಡಿದ ಲೂರ್ ಇದು. ಆ ನಿಲುಗಡೆಯಲ್ಲೇ ಸೀಬಾಸ್ ಬಾಯಿ ಹಾಕುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಸಾಂದ್ರ. ಹಾಗಾಗಿ ಮಳೆಗಾಲದ ಸಿಹಿನೀರಿನಲ್ಲಿ ತಟಸ್ಥವಾಗಿ ನಿಲ್ಲುವ 13 ಗ್ರಾಂ ಲೂರ್‌ಗೆ ಬೇಸಿಗೆಯ ಉಪ್ಪುನೀರಿನಲ್ಲಿ ಗ್ರಾಂನ ಮೂರನೇ ಒಂದು ಭಾಗದಷ್ಟು ಹೆಚ್ಚಿನ ತೇಲುಬಲ ಸಿಗುತ್ತದೆ, ಅದು ಮೆಲ್ಲಗೆ ಮೇಲೇರತೊಡಗುತ್ತದೆ. ಗಾಳ ಬದಲಿಸುವಾಗ ಅಷ್ಟೇ ಭಾರ ಹೆಚ್ಚಿರುವ, ದಪ್ಪ ತಂತಿಯ ಗಾಳ ಹಾಕಿದರೆ ಎರಡೂ ಸರಿಹೊಂದುತ್ತವೆ. ಗಾಳವೂ ಗಟ್ಟಿ, ನಿಲುಗಡೆಯೂ ಸರಿ. ಹೊಸ ಗಾಳ ಹಾಕಿದ ಮೇಲೆ ಬಕೆಟ್‌ನಲ್ಲಿ ನದಿಯ ನೀರನ್ನೇ ತುಂಬಿ ಲೂರ್ ಬಿಟ್ಟು ನೋಡಿ. ನಲ್ಲಿಯ ನೀರಿನಲ್ಲಿ ಮಾಡಿದ ಪರೀಕ್ಷೆ ಬೇಸಿಗೆಯ ಅಳಿವೆಗೆ ಅನ್ವಯಿಸುವುದಿಲ್ಲ.

ಗಾಳ ಬದಲಿಸಲೇಬೇಕೇ ಎಂದು ಕೇಳುವವರಿಗೆ ಹೇಳುವುದಿಷ್ಟು. ಬಾಸ್ ಲೂರ್‌ಗಳ ಮೂರು ಮುಳ್ಳಿನ ಟ್ರೆಬಲ್ ಗಾಳಗಳು ಸಾಮಾನ್ಯವಾಗಿ ತೆಳು ತಂತಿಯವು. ಕೆರೆಯ ಮೀನಿಗೆ ಅದೇ ಅನುಕೂಲ, ಬೇಗ ನಾಟುತ್ತವೆ. ದವಡೆ ಗಟ್ಟಿಯಾದ ಸೀಬಾಸ್ ತಲೆ ಕೊಡವಿದರೆ ಅವು ಬಿಚ್ಚಿಕೊಳ್ಳುತ್ತವೆ. ಗಾಳವನ್ನು ಹಿಡಿದಿರುವ ಸಣ್ಣ ಸ್ಪ್ಲಿಟ್ ರಿಂಗ್ ಇನ್ನೂ ಬೇಗ ಸೋಲುತ್ತದೆ. ತೊಳೆಯದೆ ವಾರ ಬಿಟ್ಟರೆ ಸುರುಳಿಯ ಸಂದಿನಲ್ಲಿ ಕಂದು ಗೆರೆ ಮೂಡುತ್ತದೆ, ಹೊರಗಿನಿಂದ ಹೊಳಪು ಹಾಗೆಯೇ ಇರುತ್ತದೆ. ಇಕ್ಕಳದಿಂದ ಸ್ವಲ್ಪ ತೆರೆದು ನೋಡಿದರೆ ಮಾತ್ರ ಒಳಗಿನ ತುಕ್ಕು ಕಾಣುತ್ತದೆ. ನಾನು ಟ್ರೆಬಲ್ ತೆಗೆದು ಉಪ್ಪುನೀರಿಗೆ ಒಗ್ಗುವ ಒಂಟಿ ಗಾಳ ಹಾಕುತ್ತೇನೆ. ಕಲ್ಲು, ಬಲೆಗಳಿಗೆ ಸಿಕ್ಕುವುದು ಕಡಿಮೆ, ಬಿಡಬೇಕಾದ ಮೀನಿನ ಬಾಯಿಯೂ ಹರಿಯುವುದಿಲ್ಲ.

ಬಿಡಬೇಕಾದ ಮೀನು ಎಂದೆ. ಸೀಬಾಸ್ ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗುವ ಮೀನು. ಹೀಗಾಗಿ ಅತಿ ದೊಡ್ಡದಾಗಿ ಸಿಗುವುದು ಬಹುಪಾಲು ಮೊಟ್ಟೆಯಿಡುವ ಹೆಣ್ಣೇ. ಅದನ್ನು ನೀರಿನಲ್ಲೇ ಹಿಡಿದು, ಗಾಳ ಬಿಡಿಸಿ, ಅದು ಚೇತರಿಸಿಕೊಂಡ ಮೇಲೆ ಬಿಟ್ಟುಬಿಡಿ. ಪದಾರ್ಥಕ್ಕೆ ಮಧ್ಯಮ ಗಾತ್ರದ್ದು ಸಾಕು, ರುಚಿಯೂ ಅದರಲ್ಲೇ ಹೆಚ್ಚು.

ಮುರ್ರೆಲ್‌ಗೆ ಟೊಳ್ಳು ಹೊಟ್ಟೆಯ ರಬ್ಬರ್ ಫ್ರಾಗ್ (ಕಪ್ಪೆಯಾಕಾರದ ಲೂರ್) ಒಂದೇ ಸಾಕು. ಕಳೆಯ ಮೇಲೆ ಎಲ್ಲೂ ಸಿಕ್ಕದೆ ಜಾರಿಬರುತ್ತದೆ. ನೀರು ಸಿಡಿದ ಕೂಡಲೇ ಎಳೆಯದೆ, ಭಾರ ಕೈಗೆ ತಾಗುವವರೆಗೆ ಕಾಯಬೇಕು. ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿಯುವಂತೆ ಕಂಡರೆ ಅಲ್ಲಿ ಎಸೆಯಬೇಡಿ. ಕೆಳಗೆ ತಂದೆ ತಾಯಿ ಕಾವಲಿಗಿರುತ್ತವೆ. ಅವನ್ನು ಹಿಡಿದರೆ ಇಡೀ ಸಂಸಾರ ಹೋದಂತೆ. ತಿರುಗುವ ತಗಡಿರುವ ಸ್ಪಿನ್ನರ್‌ಬೈಟ್ ಲೂರ್ ಮಳೆಗಾಲದ ಕದಡಿದ ನೀರಿಗೆ ಒಳ್ಳೆಯದು, ಕಣ್ಣು ಕಾಣದ ನೀರಿನಲ್ಲೂ ಅದರ ತಗಡಿನ ಕಂಪನ ಮೀನಿಗೆ ತಿಳಿಯುತ್ತದೆ. ಆಳಕ್ಕೆ ಮುಳುಗುವ ದೊಡ್ಡ ತುಟಿಯ ಕ್ರ್ಯಾಂಕ್‌ಬೈಟ್ ನಾನು ಕೊಳ್ಳುವುದನ್ನು ನಿಲ್ಲಿಸಿದ್ದೇನೆ. ದಡದಿಂದ ಎಸೆಯುವ ಜಾಗಗಳಲ್ಲಿ ಅಷ್ಟು ಆಳವಿಲ್ಲ, ಕೆಸರನ್ನೋ ಚಿಪ್ಪನ್ನೋ ಅಗೆದು ಅಲ್ಲೇ ಉಳಿಯುತ್ತದೆ. ಬಣ್ಣದ ಬಗ್ಗೆ ಅಂಗಡಿಯವರು ಎಷ್ಟೇ ಹೇಳಲಿ, ಕೆಂಪು ನೀರಿಗೆ ಕಪ್ಪು ಅಥವಾ ಚಿನ್ನದ ಬಣ್ಣ, ತಿಳಿನೀರಿಗೆ ಬೆಳ್ಳಿ, ಇಷ್ಟರಲ್ಲೇ ನನ್ನ ಕೆಲಸ ನಡೆಯುತ್ತದೆ.

ಹಣ ಹಂಚುವುದಾದರೆ ರಾಡ್‌ನಲ್ಲಿ ಉಳಿಸಿ, ಬ್ರೇಡ್, ಲೀಡರ್, ಗಾಳಗಳಿಗೆ ಹಾಕಿ. ತಣ್ಣೀರುಬಾವಿ, ಸುರತ್ಕಲ್ ಅಥವಾ ಮಲ್ಪೆಯ ಬಂಡೆಗಳ ಮೇಲೆ ನಿಂತು ಕಡಲಿಗೆ ಎಸೆಯುವ ಆಸೆಯಿರುವವರು ಮಾತ್ರ ಈ ಸೆಟ್ ಕೊಳ್ಳಬಾರದು. ಅಲ್ಲಿ ತೆರೆಯನ್ನು ದಾಟಿಸಿ 40 ಗ್ರಾಂ ಎಸೆಯಲು ಒಂಬತ್ತು ಹತ್ತು ಅಡಿಯ ರಾಡ್, 5000 ಗಾತ್ರದ ರೀಲ್ ಬೇಕು.