ತುಟಿಯ ಎಡಭಾಗಕ್ಕೆ ಸಕ್ಕರೆ, ಬಲಭಾಗಕ್ಕೆ ಕಾಫಿ ಚರಟ

ನನ್ನ ತುಟಿ ಒಡೆಯುವುದಕ್ಕೆ ಭಾರೀ ಚಳಿಯೇನೂ ಬೇಕಿಲ್ಲ. ಒಂದು ದಿನ ಒಣಗಾಳಿ ಬೀಸಿದರೆ ಸಾಕು, ಕೆಳತುಟಿಯ ನಟ್ಟನಡುವೆ ಸಿಪ್ಪೆ ಏಳುತ್ತದೆ. ಸಿಪ್ಪೆಯ ತುದಿ ಒಮ್ಮೆ ನಾಲಿಗೆಗೆ ಸಿಕ್ಕಿತೋ, ಹಲ್ಲು ಸುಮ್ಮನಿರುವುದಿಲ್ಲ. ಕಚ್ಚಿ ಎಳೆಯುವುದು, ರಕ್ತ ಜಿನುಗುವುದು, ಆಮೇಲೆ ಮೂರು ದಿನ ಉಪ್ಪು ಖಾರ ತಾಕಿದಾಗೆಲ್ಲ ಚುರ್ ಎನ್ನುವುದು. ಈ ಚಟ ಬಿಡಿಸಿಕೊಳ್ಳಬೇಕೆಂದೇ ಮನೆಯಲ್ಲಿ ಲಿಪ್ ಸ್ಕ್ರಬ್, ಅಂದರೆ ತುಟಿಯ ಸಿಪ್ಪೆ ಉಜ್ಜಿ ತೆಗೆಯುವ ಮಿಶ್ರಣ, ಮಾಡಿಕೊಳ್ಳಲು ಹೊರಟೆ. ಕೇಳಿದವರೆಲ್ಲ ಒಂದೊಂದು ಹೇಳಿದರು. ಒಬ್ಬರಿಗೆ ಜೇನು, ಒಬ್ಬರಿಗೆ ಕಾಫಿ, ಇನ್ನೊಬ್ಬರಿಗೆ ನಿಂಬೆ. ಎಲ್ಲದಕ್ಕೂ ಒಂದೇ ಭರವಸೆ, ಒಂದೇ ಸಲಕ್ಕೆ ಗುಲಾಬಿ ದಳದಂಥ ತುಟಿ. ಯಾವುದಕ್ಕಿಂತ ಯಾವುದು ಮೇಲು ಅಂತ ಮಾತ್ರ ಯಾರೂ ಹೇಳಲಿಲ್ಲ.

ಹಾಗಾಗಿ ತುಟಿಯನ್ನೇ ಎರಡು ಪಾಲು ಮಾಡಿದೆ. ಮೂಗಿನ ಕೆಳಗಿನ ಗುಳಿಯೇ ಗಡಿ. ಎಡಕ್ಕೊಂದು, ಬಲಕ್ಕೊಂದು. ಒಂದೊಂದು ಜೋಡಿಗೆ ಹತ್ತು ದಿನ, ಆ ಹತ್ತು ದಿನದಲ್ಲಿ ಮೂರೇ ಸಲ ಉಜ್ಜುವುದು. ರಾತ್ರಿ ಮಲಗುವಾಗ ಎರಡೂ ಕಡೆ ಬರಿಯ ಪೆಟ್ರೋಲಿಯಂ ಜೆಲ್ಲಿ, ಬೇರೇನೂ ಇಲ್ಲ. ಒಂದು ಜೋಡಿ ಮುಗಿದ ಮೇಲೆ ನಾಲ್ಕು ದಿನ ಬಿಡುವು. ಇದು ವಿಜ್ಞಾನದ ಪ್ರಯೋಗವೇನಲ್ಲ. ಒಂದೇ ಬಾಯಿ, ಮೇಲಾಗಿ ಆಸೆಬುರುಕ ನಾಲಿಗೆ. ಆದರೂ ಇವತ್ತು ಒಂದು ಹಚ್ಚಿ ಮುಂದಿನ ತಿಂಗಳು ಇನ್ನೊಂದು ಹಚ್ಚಿ "ಅದೇ ಚೆನ್ನಾಗಿತ್ತೇನೋ" ಅಂತ ನೆನಪು ಮಾಡಿಕೊಳ್ಳುವುದಕ್ಕಿಂತ ವಾಸಿ.

ಮೊದಲ ಜೋಡಿ, ಸಕ್ಕರೆ–ಕೊಬ್ಬರಿ ಎಣ್ಣೆ ಎದುರು ಸಕ್ಕರೆ–ಜೇನು. ಎರಡು ಚಿಕ್ಕ ಚಮಚ ಸಕ್ಕರೆಗೆ ಒಂದು ಚಮಚ ಎಣ್ಣೆ, ಇನ್ನೊಂದು ಬಟ್ಟಲಲ್ಲಿ ಅಷ್ಟೇ ಸಕ್ಕರೆಗೆ ಒಂದು ಚಮಚ ಜೇನು. ನೋಡಲು ಜೇನಿನದೇ ಚಂದ. ಹೊನ್ನಿನ ಬಣ್ಣ, ಒತ್ತಾಗಿ ಕೂರುತ್ತದೆ, ಬೆರಳಿಂದ ಜಾರುವುದಿಲ್ಲ. ಎಣ್ಣೆಯದು ರೇಜಿಗೆ. ಕೊಬ್ಬರಿ ಎಣ್ಣೆ ಹೆಚ್ಚುಕಡಿಮೆ 24 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬೆಚ್ಚಗಿನ ಮಧ್ಯಾಹ್ನ ಎಣ್ಣೆ ನೀರಾಗಿ ಸಕ್ಕರೆಯೆಲ್ಲ ತಳ ಸೇರಿತ್ತು. ಮಾರನೇ ಬೆಳಿಗ್ಗೆ ಥಂಡಿಗೆ ಅದೇ ಬಟ್ಟಲು ಕಲ್ಲಿನ ಹಾಗೆ ಗಟ್ಟಿ, ಮೇಲೆ ಬಿಳಿ ಎಣ್ಣೆ, ಕೆಳಗೆ ಸಕ್ಕರೆಯ ಪದರ. ಚಮಚದ ಹಿಡಿಯಲ್ಲಿ ಕೆರೆದು ತೆಗೆಯಬೇಕಾಯಿತು.

ತುಟಿಗೆ ಹಚ್ಚಿದ ಮೇಲೆ ಆಟ ತಿರುಗಿತು. ಎಣ್ಣೆಯ ಕಡೆ ಬೆರಳು ಸರಾಗವಾಗಿ ಸುತ್ತಿತು. ಮೊದಲು ತರಿತರಿ, ನಾಲ್ಕೈದು ಸುತ್ತಿಗೆ ಕಾಳು ಸಣ್ಣದಾಯಿತು, ಅರ್ಧ ನಿಮಿಷಕ್ಕೆ ಬಾಯಿಯ ತೇವಕ್ಕೇ ಕರಗಿ ಮಾಯ. ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಲ್ಲಿ ಕರಗುತ್ತದೆ. ಹಾಗಾಗಿ ಬಟ್ಟಲಲ್ಲಿರುವಷ್ಟು ದಿನ ಅದರ ಕಾಳು ಹಾಗೇ ಇರುತ್ತದೆ, ತುಟಿಗೆ ಬಂದ ಮೇಲೆ ಮೆತ್ತಗಾಗುತ್ತದೆ. ಎಷ್ಟು ಉಜ್ಜಿದರೆ ಸಾಕು ಅಂತ ತಿಳಿಯದ ನನ್ನಂಥವರಿಗೆ ಕಾಳು ತಾನಾಗಿ ಕರಗುವುದೇ ಒಂದು ಲಗಾಮು.

ಜೇನಿನ ಕಡೆ ಬೆರಳು ಅಂಟಿಕೊಂಡಿತು. ಸುತ್ತಲು ಹೋದರೆ ತುಟಿಯೇ ಜೊತೆಗೆ ಬರುತ್ತದೆ. ಎರಡನೇ ಸಲ ಉಜ್ಜಿದಾಗ ಅರ್ಧ ಎದ್ದಿದ್ದ ಒಂದು ಸಿಪ್ಪೆ ಆ ಜಿಗುಟಿಗೆ ಸಿಕ್ಕಿ, ಇನ್ನೂ ಅಂಟಿಕೊಂಡಿದ್ದ ಹಸಿ ಚರ್ಮವನ್ನೂ ಎಳೆದುಕೊಂಡು ಬಂತು. ಸಾಸಿವೆ ಗಾತ್ರದ ಕೆಂಪು ಚುಕ್ಕೆ. ಹಲ್ಲಿನಿಂದ ಎಳೆದಾಗ ಆಗುತ್ತಿದ್ದದ್ದೂ ಇದೇ ತಾನೇ? ಜೇನು ಒಳ್ಳೆಯದಲ್ಲ ಅಂತಲ್ಲ. ಅದಕ್ಕೆ ತೇವ ಹಿಡಿದಿಡುವ ಗುಣವಿದೆ. ಆದರೆ ಸಿಹಿ. ಗೊತ್ತಿಲ್ಲದೆಯೇ ನಾಲಿಗೆ ಹೊರಗೆ ಬರುತ್ತದೆ, ಐದು ನಿಮಿಷದಲ್ಲಿ ನೆಕ್ಕಿ ಖಾಲಿ. ನೆಕ್ಕಿದ ಎಂಜಲು ಆರುವಾಗ ತುಟಿಯನ್ನು ಇನ್ನಷ್ಟು ಒಣಗಿಸುತ್ತದೆ. ತುಟಿಯ ಕೆಂಪು ಭಾಗದಲ್ಲಿ ಬೆವರಿನ ಗ್ರಂಥಿಯಿಲ್ಲ, ಮುಖದ ಉಳಿದ ಕಡೆ ಇರುವ ಹಾಗೆ ಜಿಡ್ಡಿನ ಆಸರೆಯೂ ಇಲ್ಲ, ಮೇಲಿನ ಪದರವೂ ತೀರ ತೆಳು. ತನ್ನನ್ನು ತಾನು ಕಾಪಾಡಿಕೊಳ್ಳಲು ಅದರ ಬಳಿ ಹೆಚ್ಚೇನಿಲ್ಲ. ಎಂಜಲು ಅದಕ್ಕೆ ಮದ್ದಲ್ಲ. ಈ ಜೋಡಿಯಲ್ಲಿ ಎಣ್ಣೆಯದೇ ಗೆಲುವು. ಜೇನು ಹಾಕಲೇಬೇಕೆಂದಿದ್ದರೆ ಸಕ್ಕರೆ–ಎಣ್ಣೆಗೆ ನಾಲ್ಕು ಹನಿ ಬೆರೆಸಿ. ಸಕ್ಕರೆ ತಳ ಸೇರುವುದು ನಿಧಾನವಾಗುತ್ತದೆ, ಅಂಟೂ ತಡೆಯುವಷ್ಟಿರುತ್ತದೆ. ಒಂದು ವರ್ಷ ತುಂಬದ ಮಗುವಿನ ತುಟಿಗೆ ಮಾತ್ರ ಜೇನು ಮುಟ್ಟಿಸಲೇಬಾರದು, ಬಾಟುಲಿಸಂ ಎಂಬ ಗಂಭೀರ ವಿಷಬಾಧೆ ಆಗುವ ಅಪಾಯವಿದೆ.

ಯಾವ ಸಕ್ಕರೆ ಎನ್ನುವುದನ್ನೂ ನೋಡಿದೆ, ಅದರಲ್ಲಿ ಹೇಳುವಂಥದ್ದು ಕಡಿಮೆ. ದಪ್ಪ ಹರಳಿನ ಬಿಳಿ ಸಕ್ಕರೆ ತುಟಿಗೆ ಒರಟು. ಬ್ರೌನ್ ಶುಗರ್‌ನಲ್ಲಿ ಕಾಕಂಬಿಯ ತೇವ ಇರುವುದರಿಂದ ಮೆತ್ತಗಿರುತ್ತದೆ, ಬೇಗ ಕರಗುತ್ತದೆ. ಅದು ಸಿಗದಿದ್ದರೆ ಬಿಳಿ ಸಕ್ಕರೆಯನ್ನೇ ಮಿಕ್ಸಿಯಲ್ಲಿ ಒಂದೇ ಒಂದು ಸುತ್ತು ತಿರುಗಿಸಿದರೆ ಸಾಕು. ಎರಡು ಸುತ್ತು ತಿರುಗಿಸಿದೆ, ಹಿಟ್ಟಾಯಿತು. ಹಿಟ್ಟು ಉಜ್ಜುವುದಿಲ್ಲ, ಮೆತ್ತಿಕೊಳ್ಳುತ್ತದೆ ಅಷ್ಟೇ.

ಇನ್ನು ಕಾಫಿ. ಇದು ನನ್ನ ತಂಗಿಯ ಪಂಥ. ಕಾಫಿ ಸೋಸಿದ ಮೇಲೆ ಉಳಿಯುವ ಚರಟವನ್ನು ಎಣ್ಣೆಯಲ್ಲಿ ಕಲಸಿ ವರ್ಷಗಟ್ಟಲೆ ಬಳಸಿದವಳು. "ಅಕ್ಕ, ನಿನ್ನ ಸಕ್ಕರೆ ತುಟಿ ಮೇಲೆ ನಿಲ್ಲೋದೇ ಇಲ್ಲ ಕಣೆ, ಇದು ನೋಡು" ಅಂತ ಒಂದು ಚಿಕ್ಕ ಡಬ್ಬಿ ಕೊಟ್ಟಳು. ಎಡಕ್ಕೆ ನನ್ನ ಸಕ್ಕರೆ, ಬಲಕ್ಕೆ ಅವಳ ಚರಟ. ಅವಳು ಹೇಳಿದ್ದು ನಿಜ, ಚರಟ ಕರಗುವುದಿಲ್ಲ. ನನ್ನ ತಕರಾರೂ ಅದೇ. ಎಷ್ಟು ಹೊತ್ತು ಉಜ್ಜಿದರೂ ಕಾಳು ಕಾಳಾಗಿಯೇ ಇರುತ್ತದೆ, ಅದೂ ಮೂಲೆಮೂಲೆ ಚೂಪಾಗಿ. ಕೈಯ ಒತ್ತಡ ನಾವೇ ಲೆಕ್ಕ ಇಟ್ಟುಕೊಳ್ಳಬೇಕು. ಉಜ್ಜಿದ ಕೂಡಲೇ ಬಲಭಾಗ ಸಕ್ಕರೆಯ ಕಡೆಗಿಂತ ನುಣುಪಾಗಿತ್ತು, ಒಪ್ಪಿಕೊಳ್ಳುತ್ತೇನೆ. ಕೆಂಪಗೆ ತುಂಬಿಕೊಂಡ ಹಾಗೂ ಕಾಣುತ್ತಿತ್ತು. ಆ ಕೆಂಪು ಉಜ್ಜಿದ್ದಕ್ಕೆ ರಕ್ತ ನುಗ್ಗಿದ್ದು. ಒಂದು ಗಂಟೆಗೆ ಇಳಿಯಿತು, ಸಂಜೆ ಹೊತ್ತಿಗೆ ಆ ಭಾಗ ಮಾತ್ರ ಬಿಗಿದುಕೊಂಡು ಉರಿಯಿತು. ಮೂರನೇ ಸಲದ ಮಾರನೇ ದಿನ ಬಲಗಡೆ ಹೊಸ ಸಿಪ್ಪೆಯೂ ಎದ್ದಿತು.

ಕಾಫಿಯ ಇನ್ನೊಂದು ಪ್ರಸಂಗ. ಬೆಳಿಗ್ಗೆ ಅವಸರದಲ್ಲಿ ಉಜ್ಜಿ, ಬಾಯಿ ಮುಕ್ಕಳಿಸಿ, ಕೆಲಸಕ್ಕೆ ಹೋದೆ. ಮಧ್ಯಾಹ್ನದವರೆಗೆ ನಾಲ್ಕು ಜನರ ಎದುರು ನಕ್ಕು ಮಾತಾಡಿದ ಮೇಲೆ ಕನ್ನಡಿ ನೋಡಿದರೆ ಮುಂದಿನ ಎರಡು ಹಲ್ಲಿನ ಸಂದಿಯಲ್ಲಿ ಕಪ್ಪು ಚುಕ್ಕೆಗಳ ಸಾಲು. ಯಾರೂ ಹೇಳಿರಲಿಲ್ಲ. ತಂಗಿಗೆ ಫೋನ್ ಮಾಡಿದರೆ, "ಅದಕ್ಕೇ ನಾನು ರಾತ್ರಿ ಹೊತ್ತು ಹಚ್ಚೋದು" ಅಂದಳು. ಇದನ್ನು ಡಬ್ಬಿ ಕೊಡುವಾಗಲೇ ಹೇಳಬಹುದಿತ್ತು. ಚರಟದ ತೇವ ಪೂರ್ತಿ ಆರಿರದಿದ್ದರೆ ಡಬ್ಬಿಯಲ್ಲಿ ಬೂಸ್ಟು ಹಿಡಿಯುತ್ತದೆ ಅನ್ನುವುದನ್ನೂ ಆಮೇಲೆಯೇ ಹೇಳಿದಳು.

ಓಟ್ಸ್ ಪುಡಿ ನನಗೆ ಅಚ್ಚರಿ ತಂದಿತು, ಆದರೆ ಸ್ಕ್ರಬ್ ಆಗಿ ಅಲ್ಲ. ನುಣ್ಣಗೆ ಪುಡಿ ಮಾಡಿದ ಓಟ್ಸನ್ನು ಚರ್ಮ ಕಾಪಾಡುವ ವಸ್ತು ಅಂತ ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ಒಪ್ಪಿಕೊಂಡಿದೆ, ಹಾಗಾಗಿ ಬಹಳ ನಿರೀಕ್ಷೆಯಿತ್ತು. ಬೆಚ್ಚಗಿನ ನೀರಲ್ಲಿ ಕಲಸಿ ಎರಡು ನಿಮಿಷ ಬಿಟ್ಟರೆ ಗಂಜಿಯ ಹಾಗೆ ಲೋಳೆಯಾಗುತ್ತದೆ. ತುಟಿಗೆ ತಂಪು, ಉರಿಯೇ ಇಲ್ಲ. ಸಿಪ್ಪೆ ತೆಗೆಯುವ ತಾಕತ್ತೂ ಇಲ್ಲ. ಉರಿಯುವ ದಿನಕ್ಕೆ ಹಿತ, ಉಜ್ಜುವ ದಿನಕ್ಕೆ ನಿಷ್ಪ್ರಯೋಜಕ. ನೀರು ಹಾಕಿದ್ದಾದ್ದರಿಂದ ಇಟ್ಟುಕೊಳ್ಳಲೂ ಆಗದು, ಅವತ್ತಿನದು ಅವತ್ತೇ ಚೆಲ್ಲಬೇಕು.

ಓಟ್ಸ್ ಎದುರು ನಿಲ್ಲಿಸಿದ್ದು ಒದ್ದೆ ಬಟ್ಟೆ. ತಮಾಷೆಗೆ ಸೇರಿಸಿಕೊಂಡದ್ದು, ಕೊನೆಗೆ ಎಲ್ಲವನ್ನೂ ಹಿಂದೆ ಹಾಕಿತು. ಮಾಡುವುದು ಇಷ್ಟೇ: ರಾತ್ರಿ ದಪ್ಪಗೆ ಜೆಲ್ಲಿ ಹಚ್ಚಿ ಮಲಗುವುದು. ಬೆಳಿಗ್ಗೆ ಎದ್ದ ಕೂಡಲೇ ಮೆತ್ತನೆಯ ಹತ್ತಿ ಬಟ್ಟೆಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡಿ, ಒಂದು ನಿಮಿಷ ತುಟಿಯ ಮೇಲೆ ಇಟ್ಟುಕೊಂಡು ಆಮೇಲೆ ಮೂರು ಸಲ ಒರೆಸುವುದು. ರಾತ್ರಿಯಿಡೀ ಜೆಲ್ಲಿಯ ಕೆಳಗೆ ನೆನೆದ ಸಿಪ್ಪೆ ಬಿಳಿ ಹತ್ತಿಯ ಎಳೆಯ ಹಾಗೆ ಉರುಳಿ ಬಟ್ಟೆಗೆ ಬಂತು. ಎಳೆತವಿಲ್ಲ, ಕೆಂಪಿಲ್ಲ. ಬರಬೇಕಾದದ್ದು ಮಾತ್ರ ಬಂತು, ಗಟ್ಟಿಯಾಗಿ ಅಂಟಿಕೊಂಡದ್ದು ಅಲ್ಲೇ ಉಳಿಯಿತು. ಅಮೆರಿಕದ ರಸಾಯನಶಾಸ್ತ್ರಜ್ಞ ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ಪೇಟೆಂಟ್ ಪಡೆದ ವ್ಯಾಸಲೀನ್ ಇದೇ ಪೆಟ್ರೋಲಿಯಂ ಜೆಲ್ಲಿ. ಅದರಲ್ಲಿ ನೀರಿಲ್ಲ, ಪೋಷಣೆಯೂ ಇಲ್ಲ. ಒಳಗಿನ ನೀರು ಹೊರಗೆ ಹೋಗದ ಹಾಗೆ ಮುಚ್ಚಳ ಹಾಕುತ್ತದೆ. ಬಾಯಿ ಮುಕ್ಕಳಿಸಿ ತುಟಿ ಇನ್ನೂ ಹಸಿಯಿರುವಾಗಲೇ ಹಚ್ಚಿದರೆ ಫಲ ಹೆಚ್ಚು ಅನ್ನುವುದು ಈ ಹತ್ತು ದಿನದಲ್ಲಿ ನಾನು ಕಂಡದ್ದು.

ನಿಂಬೆ, ಉಪ್ಪು, ಚಕ್ಕೆ ಪುಡಿ, ಅಡುಗೆ ಸೋಡ ಈ ನಾಲ್ಕಕ್ಕೆ ಹತ್ತು ದಿನ ಕೊಡುವಷ್ಟು ಧೈರ್ಯ ನನಗಿರಲಿಲ್ಲ. ಉಪ್ಪು ಒಂದು ಸಲ ಹಚ್ಚಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಎಲ್ಲೆಲ್ಲಿದೆ ಅಂತ ತಿಳಿಯಬೇಕಾದರೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಿಂಬೆರಸದಲ್ಲಿ ಆಮ್ಲ ಹೆಚ್ಚು. ನಿಂಬೆ ಜಾತಿಯ ಹಣ್ಣಿನ ರಸ ಅಥವಾ ಸಿಪ್ಪೆಯ ಎಣ್ಣೆ ತಾಕಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳಬಹುದು, ಕಲೆಯೂ ಉಳಿಯಬಹುದು. ತುಟಿ ಕಪ್ಪಾಗಿದೆ ಅಂತ ನಿಂಬೆ ಉಜ್ಜುವವರು ಇದನ್ನು ತಿಳಿದಿರಲಿ. ಚಕ್ಕೆ ಮತ್ತು ಪುದೀನ ಎಣ್ಣೆ ಹಚ್ಚಿದರೆ ತುಟಿ ದಪ್ಪಗೆ ತುಂಬಿಕೊಂಡ ಹಾಗೆ ಕಾಣುವುದು ಅವು ಚುರುಗುಟ್ಟಿಸುವುದರಿಂದಲೇ, ಅದರಲ್ಲೂ ಚಕ್ಕೆ ಕೆಲವರಿಗೆ ಅಲರ್ಜಿ ತರುತ್ತದೆ. ಸೋಡ ಕ್ಷಾರ, ಚರ್ಮ ಸಹಜವಾಗಿ ತುಸು ಆಮ್ಲದ ಕಡೆಗಿರುತ್ತದೆ. ಅಡುಗೆಮನೆಯಲ್ಲಿ ಇದೆ ಅನ್ನುವ ಒಂದೇ ಕಾರಣಕ್ಕೆ ಮುಖಕ್ಕೆ ಹಚ್ಚುವುದು ನನಗಂತೂ ಸರಿ ಕಾಣಲಿಲ್ಲ.

ಕೊನೆಯ ಜೋಡಿ ನನ್ನ ಮಟ್ಟಿಗೆ ಮುಖ್ಯವಾದದ್ದು: ಬಲಕ್ಕೆ ಸ್ಕ್ರಬ್‌ಗಳಲ್ಲಿ ಗೆದ್ದ ಸಕ್ಕರೆ–ಎಣ್ಣೆ, ಎಡಕ್ಕೆ ಏನೂ ಇಲ್ಲ. ಉಜ್ಜುವುದೂ ಇಲ್ಲ, ಒರೆಸುವುದೂ ಇಲ್ಲ, ರಾತ್ರಿಯ ಜೆಲ್ಲಿ ಮಾತ್ರ ಎರಡೂ ಕಡೆ. ಮೊದಲ ಎರಡು ದಿನ ಬಲಗಡೆಯದೇ ಮೇಲುಗೈ. ನಾಲಿಗೆ ಸವರಿದರೆ ಎಡಕ್ಕೆ ಒರಟು, ಬಲಕ್ಕೆ ನಯ. ಐದನೇ ದಿನದ ಹೊತ್ತಿಗೆ ನನಗೇ ಅನುಮಾನ ಶುರುವಾಯಿತು. ಹತ್ತನೇ ದಿನ ತಂಗಿಯನ್ನು ಕರೆದು, ಯಾವ ಕಡೆ ಸ್ಕ್ರಬ್ ಮಾಡಿದ್ದು ಹೇಳು ಅಂದೆ. ಮೊಬೈಲ್ ಟಾರ್ಚ್ ಹಾಕಿ, ನನ್ನ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ, ಚಿನ್ನ ಒರೆಗೆ ಹಚ್ಚುವವರ ಹಾಗೆ ನೋಡಿ, "ಎಡಗಡೇದು. ಪಕ್ಕಾ" ಅಂದಳು.

ಅಂದರೆ ಸ್ಕ್ರಬ್ ಕೊಡುವುದು ಅವತ್ತಿನ ನುಣುಪು. ಹೊಳಪಿಲ್ಲದ ಮ್ಯಾಟ್ ಲಿಪ್‌ಸ್ಟಿಕ್ ಹಚ್ಚುವ ದಿನ ಅದು ಬೇಕು, ಯಾಕೆಂದರೆ ಒಣ ಬಣ್ಣ ಪ್ರತಿಯೊಂದು ಸಿಪ್ಪೆಯನ್ನೂ ಹುಡುಕಿ ಹಿಡಿದು ತೋರಿಸುತ್ತದೆ. ಅಂಥ ದಿನದ ಹಿಂದಿನ ರಾತ್ರಿ ಸಕ್ಕರೆ–ಎಣ್ಣೆ, ಉಂಗುರದ ಬೆರಳಿನಿಂದ, ಯಾಕೆಂದರೆ ಆ ಬೆರಳಿಗೆ ಬಲ ಕಡಿಮೆ, ಇಪ್ಪತ್ತು ಎಣಿಸುವವರೆಗೆ. ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚು ಬೇಡ. ಉಳಿದ ದಿನ ಜೆಲ್ಲಿ, ಸಿಪ್ಪೆ ಎದ್ದರೆ ಒದ್ದೆ ಬಟ್ಟೆ. ರಕ್ತ ಜಿನುಗುವ ಬಿರುಕಿದ್ದರೆ, ಜ್ವರಗುಳ್ಳೆ ಎದ್ದಿದ್ದರೆ ಯಾವ ಸ್ಕ್ರಬ್ಬೂ ಬೇಡ. ಜ್ವರಗುಳ್ಳೆ ವೈರಸ್ಸಿನದು, ಉಜ್ಜಿದರೆ ಹರಡುತ್ತದೆ, ಡಬ್ಬಿಗೆ ಬೆರಳು ಅದ್ದಿದರೆ ಮನೆಮಂದಿಗೂ ಹಂಚಿದ ಹಾಗೆ. ಬಾಯಿಯ ಮೂಲೆ ಮಾತ್ರ ಒಡೆದು ವಾಸಿಯಾಗದಿದ್ದರೆ, ಕೆಳತುಟಿಯಲ್ಲಿ ಒಂದೇ ಜಾಗ ವಾರಗಟ್ಟಲೆ ಒರಟಾಗಿಯೇ ಉಳಿದರೆ, ಚರ್ಮದ ಡಾಕ್ಟರಿಗೆ ತೋರಿಸಬೇಕು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರ ತುಟಿ ಒಣಗುವುದು ಆ ಔಷಧಿಯಿಂದಲೇ, ಅವರೂ ಉಜ್ಜಲು ಹೋಗಬಾರದು.

ಬಟ್ಟಲು ತಯಾರಿಸುವವರಿಗೆ ಒಂದು ಮಾತು, ಒಮ್ಮೆಗೆ ಎರಡು ಚಮಚಕ್ಕಿಂತ ಹೆಚ್ಚು ಮಾಡಬೇಡಿ. ಒಣ ಚಮಚದಲ್ಲೇ ತೆಗೆಯಿರಿ. ಒದ್ದೆ ಬೆರಳು ಬಿದ್ದರೆ ಸಕ್ಕರೆ ಕರಗಿ ಗಂಟುಕಟ್ಟುತ್ತದೆ, ಕೆಡುವುದಕ್ಕೂ ದಾರಿಯಾಗುತ್ತದೆ. ನನ್ನ ಡಬ್ಬಿ ಈಗ ಕನ್ನಡಿಯ ಹಿಂದೆ ಇದೆ, ಮುಚ್ಚಳ ತೆರೆದು ಹದಿನೈದು ದಿನವಾಯಿತು. ತಂಗಿ ಮಾತ್ರ ಚರಟ ಬಿಟ್ಟಿಲ್ಲ. ಆ ಸಂಜೆ ಎಡಗಡೆ ಏನೂ ಹಚ್ಚಿರಲೇ ಇಲ್ಲ ಅಂತ ಹೇಳಿದಾಗ ಟಾರ್ಚ್ ಆರಿಸಿ, "ನಿನ್ನ ತುಟೀನೇ ಸರಿಯಿಲ್ಲ ಬಿಡಕ್ಕ" ಅಂದು ಎದ್ದು ಹೋದಳು.