ನಡುದಾರಿಯಲ್ಲಿ ಗಾಡಿ ಕೈಕೊಟ್ಟರೆ: 1033, ಇನ್ಶೂರೆನ್ಸ್, ಇಲ್ಲವೇ ಮಿಸ್ತ್ರಿ?

ಹುಬ್ಬಳ್ಳಿಯಿಂದ ಯಾವ ಕಡೆ ಹೊರಟರೂ ಹೆದ್ದಾರಿಯೇ. ಪುಣೆಗೂ ಬೆಂಗಳೂರಿಗೂ 48, ಗದಗ-ಹೊಸಪೇಟೆಗೆ 67, ವಿಜಯಪುರಕ್ಕೂ ಅಂಕೋಲಾ ಘಟ್ಟಕ್ಕೂ 52. ನಮ್ಮ ಹಳೇ ಡೀಸೆಲ್ ಗಾಡಿ ಈ ರಸ್ತೆಗಳಲ್ಲೆಲ್ಲ ಒಂದಲ್ಲ ಒಂದು ಸಲ ನಿಂತಿದೆ. ಹೆದ್ದಾರಿ ಸಹಾಯವಾಣಿ, ಇನ್ಶೂರೆನ್ಸ್‌ನವರ ಟೋಯಿಂಗ್, ರಸ್ತೆ ಬದಿಯ ಮಿಸ್ತ್ರಿ, ಮೂವರನ್ನೂ ಕರೆದು ನೋಡಿದ್ದೇನೆ. ಯಾರು ಒಳ್ಳೆಯವರು ಅಂತ ಕೇಳುವ ಮೊದಲು ಒಂದು ವಿಷಯ ತಿಳಿದಿರಬೇಕು. ಗಾಡಿಯನ್ನು ರಸ್ತೆಯಿಂದ ಸರಿಸುವವರು ಬೇರೆ, ರಿಪೇರಿ ಮಾಡುವವರು ಬೇರೆ. ಎರಡೂ ಒಬ್ಬರಿಂದಲೇ ಆಗಲಿ ಅಂತ ಕಾದರೆ ರಾತ್ರಿಯೆಲ್ಲ ಅಲ್ಲೇ.

1033 ಹೆದ್ದಾರಿ ಪ್ರಾಧಿಕಾರದ ನಂಬರ್. ಹಗಲು ರಾತ್ರಿ ನಡೆಯುತ್ತದೆ. ಬಂಕಾಪುರ ಟೋಲ್ ದಾಟಿ ಹಾವೇರಿ ಕಡೆ ಹೋಗುವಾಗ ನಮ್ಮ ಗಾಡಿಯಲ್ಲಿ ಬ್ಯಾಟರಿ ದೀಪ ಹತ್ತಿಕೊಂಡಿತು. ಹೆಡ್‌ಲೈಟ್ ಮಂಕಾಗುತ್ತಾ ಬಂದು ಕೊನೆಗೆ ಎಂಜಿನ್ನೂ ನಿಂತಿತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗಿತ್ತು. ಕತ್ತಲು, ಪಕ್ಕದಲ್ಲೇ ಲಾರಿಗಳ ಸಾಲು. ಫೋನ್ ಮಾಡಿದರೆ ಕೇಳಿದ್ದು ಇಷ್ಟೇ: ಯಾವ ಹೆದ್ದಾರಿ, ಯಾವ ಊರಿನ ಕಡೆ ಮುಖ, ಕಿಲೋಮೀಟರ್ ಕಲ್ಲಿನ ಮೇಲೆ ಎಷ್ಟಿದೆ. ಮೊದಲು ಗಸ್ತು ಗಾಡಿ ಬಂದು ಹಿಂದುಗಡೆ ಕೋನ್ ಇಟ್ಟರು. ಆಮೇಲೆ ಕ್ರೇನ್ ಬಂತು. ಲಾರಿ ನಿಲ್ಲುವ ಜಾಗದವರೆಗೆ ಎಳೆದು ಬಿಟ್ಟರು. ದುಡ್ಡು ಕೇಳಲಿಲ್ಲ. ಗ್ಯಾರೇಜಿಗೆ ಬಿಡ್ತೀರಾ ಅಂದಾಗ ಕ್ರೇನ್ ಹುಡುಗ, "ರಿಪೇರಿ ನಮ್ದಲ್ರಿ ಸರ. ರೋಡ್ ಕ್ಲಿಯರ್ ಮಾಡೂದಷ್ಟ ನಮ್ಮ ಕೆಲಸ" ಅಂದ. ಸರಿಯಾಗಿಯೇ ಹೇಳಿದ. ಆ ಹೊತ್ತಿಗೆ ಅಷ್ಟೇ ಬೇಕಾಗಿತ್ತು ಕೂಡ.

ಆದರೆ ಇದು ರಾಷ್ಟ್ರೀಯ ಹೆದ್ದಾರಿಗೆ ಮಾತ್ರ. ರಸ್ತೆ ಯಾವುದು ಅಂತ ಗೊತ್ತಾಗದಿದ್ದರೆ ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಟೋಲ್ ತಪ್ಪಿಸೋಣ ಅಂತ ಒಳದಾರಿ ಹಿಡಿದವರಿಗೆ ಈ ನಂಬರ್ ಉಪಯೋಗಕ್ಕೆ ಬರುವುದಿಲ್ಲ. ಅಪಘಾತವಾಗಿದ್ದರೆ, ಇಲ್ಲಾ ನಿಂತ ಜಾಗ ಭಯ ಹುಟ್ಟಿಸುವಂತಿದ್ದರೆ 112.

ಇನ್ಶೂರೆನ್ಸ್ ಕತೆ ಬೇರೆ. ಪಾಲಿಸಿಯಲ್ಲಿ ರೋಡ್ ಸೈಡ್ ಅಸಿಸ್ಟೆನ್ಸ್ ಅಂತ ಬೇರೆಯಾಗಿ ದುಡ್ಡು ಕಟ್ಟಿ ತೆಗೆದುಕೊಂಡಿದ್ದೆ. ಅಣ್ಣಿಗೇರಿ ಹತ್ತಿರ ಕ್ಲಚ್ ಹೋದಾಗ ಅದನ್ನೇ ನಂಬಿ ಫೋನ್ ಮಾಡಿದೆ. ಆ ಕಡೆಯವರು ಹಿಂದಿಯಲ್ಲಿ ಪಿನ್ ಕೋಡ್ ಹೇಳಿ ಅಂದರು. ಹೊಲದ ನಡುವೆ ನಿಂತು ಪಿನ್ ಕೋಡ್ ಎಲ್ಲಿಂದ ತರೋದು? ಫೋನಿಗೆ ಬಂದ ಲಿಂಕ್ ಒತ್ತಿ ಲೊಕೇಶನ್ ಕಳಿಸಿದ ಮೇಲೂ ಬೇರೊಬ್ಬರು ಫೋನ್ ಮಾಡಿ ಮತ್ತೆ ಮೊದಲಿಂದ ಕೇಳಿದರು. ಮುಕ್ಕಾಲು ಗಂಟೆಯಲ್ಲಿ ಬರ್ತಾರೆ ಅಂದರು. ಮುಕ್ಕಾಲು ಗಂಟೆ ಕಳೆದ ಮೇಲೂ ಅದೇ ಮಾತು. ಕೊನೆಗೆ ಟೋಯಿಂಗ್ ಡ್ರೈವರ್ ನಂಬರ್ ಕೊಡಿ ಅಂತ ಹಟ ಹಿಡಿದೆ. ಅವರಿಗೇ ಮಾತಾಡಿದಾಗ, "ಈಗ ಹುಬ್ಬಳ್ಳಿ ಬಿಟ್ಟೇನ್ರಿ ಅಣ್ಣಾರ" ಅಂದರು. ನಿಜವಾದ ಲೆಕ್ಕ ಸಿಕ್ಕಿದ್ದು ಆವಾಗ. ಇದೊಂದು ನೆನಪಿಟ್ಟುಕೊಳ್ಳಿ, ಕಾಲ್ ಸೆಂಟರ್ ಹೇಳುವ ಸಮಯಕ್ಕಿಂತ ಡ್ರೈವರ್ ಹೇಳುವ ಸಮಯವೇ ಖರೆ.

ಬಂದ ಮೇಲೆ ಮಾತ್ರ ಕೆಲಸ ಅಚ್ಚುಕಟ್ಟು. ಬಂದದ್ದು ಹಿಂದೆ ಹಲಗೆ ಇಳಿಯುವ ಗಾಡಿ. ವಿಂಚಿನಿಂದ ಎಳೆದು ನಾಲ್ಕೂ ಚಕ್ರ ಮೇಲೆ ಹತ್ತಿಸಿ, ಪಟ್ಟಿ ಬಿಗಿದು, ಸೀದಾ ಗೋಕುಲ ರಸ್ತೆಯ ಸರ್ವಿಸ್ ಸೆಂಟರಿಗೆ ತಂದರು. ಎಷ್ಟು ಕಿಲೋಮೀಟರ್‌ವರೆಗೆ ಪುಕ್ಕಟೆ ಅಂತ ಪಾಲಿಸಿಯಲ್ಲಿ ಬರೆದಿರುತ್ತದೆ. ಅದನ್ನು ದಾಟಿದ ದೂರಕ್ಕೆ ಕೈಯಿಂದ ಕೊಡಬೇಕು. ಆಟೊಮ್ಯಾಟಿಕ್ ಗಾಡಿ ಅಥವಾ ಎಲೆಕ್ಟ್ರಿಕ್ ಕಾರು ಇದ್ದವರಂತೂ ಎಷ್ಟೇ ಕಾಯಬೇಕಾದರೂ ಈ ಹಲಗೆಯ ಗಾಡಿಯನ್ನೇ ಕರೆಸಬೇಕು. ಅಂಥ ಗಾಡಿಯನ್ನು ಎಂಜಿನ್ನೋ ಮೋಟಾರೋ ತಿರುಗಿಸುವ ಚಕ್ರಗಳು ನೆಲದ ಮೇಲಿದ್ದಂತೆ ಎಳೆದರೆ ಗೇರ್‌ಬಾಕ್ಸೋ ಮೋಟಾರೋ ಸುಟ್ಟು ಹೋಗಬಹುದು. ಕಾರು ಹೊಸದಾಗಿದ್ದು ವಾರಂಟಿ ಇದ್ದರೆ ಕಾರು ಕಂಪನಿಯ ಸಹಾಯವಾಣಿಯನ್ನೂ ಕೇಳಿ ನೋಡಿ.

ನನ್ನ ಓಟು ಮಾತ್ರ ಮಿಸ್ತ್ರಿಗೇ. ಯಲ್ಲಾಪುರದಿಂದ ಬರುವಾಗ ತಡಸ ಕ್ರಾಸ್ ಹತ್ತಿರ ಬಾನೆಟ್‌ನಿಂದ ಹಬೆ ಏಳತೊಡಗಿತು. ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಹೋಗಿತ್ತು. ಚಹಾದಂಗಡಿಯವರು ಯಾರಿಗೋ ಫೋನ್ ಮಾಡಿದರು. ಸ್ವಲ್ಪ ಹೊತ್ತಿಗೆ ಬೈಕಿನ ಮೇಲೆ ಒಬ್ಬ ಹುಡುಗ ಬಂದ. ಟ್ಯಾಂಕ್ ಬ್ಯಾಗಿನಲ್ಲೇ ಸಾಮಾನು. ನನ್ನ ತಮ್ಮ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದ. "ಮುಟ್ಟಬ್ಯಾಡ್ರಿ, ಮುಖಕ್ಕ ಹಾರ್ತೈತಿ" ಅಂತ ಬಯ್ದು, ಎಂಜಿನ್ ತಣ್ಣಗಾಗುವವರೆಗೆ ಹುಡುಗ ಆರಾಮಾಗಿ ಚಹಾ ಕುಡಿದ. ಆಮೇಲೆ ಮೇಲಿನ ಹೋಸ್ ಪೈಪ್ ಬಾಗಿಸಿ ತೋರಿಸಿದ. ಕ್ಲಿಪ್ ಕೂರುವ ಜಾಗದಲ್ಲೇ ರಬ್ಬರ್ ಗಟ್ಟಿಯಾಗಿ ಉಗುರಿನಷ್ಟು ಸೀಳಿತ್ತು. "ತುದಿ ಕೊಯ್ದು ಹಾಕ್ತೀನ್ರಿ. ಹುಬ್ಬಳ್ಳಿ ತನಕಾ ಏನೂ ಆಗಂಗಿಲ್ಲ. ನಾಳೆ ಹೊಸಾದ್ ಹಾಕಿಸ್ರಿ." ಬ್ಲೇಡಿನಿಂದ ಆ ತುದಿಯನ್ನಷ್ಟೇ ಕತ್ತರಿಸಿ, ಉಳಿದ ಪೈಪನ್ನು ಎಳೆದು ಕೂರಿಸಿ, ಬೇರೆ ಕ್ಲಿಪ್ ಬಿಗಿದು ನೀರು ತುಂಬಿಸಿದ. ಇನ್ನೂರು ಕೊಟ್ಟೆ. ಇದೇ ಕೆಲಸಕ್ಕೆ ಸರ್ವಿಸ್ ಸೆಂಟರಿನವರು ಪೈಪ್ ತರಿಸಬೇಕು, ನಾಳೆ ಬನ್ನಿ ಅಂತಿದ್ದರು, ಅಲ್ವಾ?

ಮಿಸ್ತ್ರಿಗೂ ಮಿತಿ ಇದೆ. ಬೆಲ್ಟ್, ಪೈಪ್, ಬ್ಯಾಟರಿ, ಪಂಕ್ಚರ್, ಇಷ್ಟಕ್ಕೆ ಅವನೇ ರಾಜ. ಸೆನ್ಸರ್ ಕೆಟ್ಟಿದೆ, ಡ್ಯಾಶ್‌ಬೋರ್ಡ್ ತುಂಬ ದೀಪ ಅಂದರೆ ಸ್ಕ್ಯಾನರ್ ಇಲ್ಲದೆ ಅವನೂ ಊಹೆ ಮಾಡಬೇಕು. ಹಾಗೆ ಸುಮ್ನೆ ವಯರ್ ಬಿಚ್ಚಲು ಬಿಡಬೇಡಿ. ಅಮಾವಾಸ್ಯೆ ದಿನ ಬಂದ್ ಇಡುವ ಗ್ಯಾರೇಜುಗಳೂ ಇವೆ. ಇನ್ನು ಹಗ್ಗ ಕಟ್ಟಿ ಎಳೆಸಿಕೊಳ್ಳೋದು. ಊರೊಳಗೆ ನಾಲ್ಕು ಹೆಜ್ಜೆಗೆ ಸರಿ, ಹೆದ್ದಾರಿಯಲ್ಲಿ ಬೇಡವೇ ಬೇಡ. ಎಂಜಿನ್ ಬಂದ್ ಆದರೆ ಸ್ಟೀರಿಂಗ್ ಕಲ್ಲಾಗುತ್ತದೆ. ಬ್ರೇಕ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಗಟ್ಟಿಯಾಗಿಬಿಡುತ್ತದೆ.

ಹಾಗಾದರೆ ಮೊದಲು ಯಾರಿಗೆ ಫೋನ್? ಗಾಡಿ ಲೇನಿನ ಮೇಲೆ ನಿಂತಿದ್ದರೆ, ಅದೂ ರಾತ್ರಿಯಾಗಿದ್ದರೆ, ಬೇರೆ ಯೋಚನೆ ಬೇಡ, 1033. ಎಲ್ಲರನ್ನೂ ಕೆಳಗಿಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ಬದಿಗೆ ಸರಿದಾಗಿದ್ದರೆ ಹತ್ತಿರದ ಪೆಟ್ರೋಲ್ ಬಂಕ್ ಇಲ್ಲವೇ ಢಾಬಾದಲ್ಲಿ ಮಿಸ್ತ್ರಿಯನ್ನು ವಿಚಾರಿಸಿ. ಅವನು ಕೈಚೆಲ್ಲಿದ ಮೇಲೆ ಇನ್ಶೂರೆನ್ಸ್. ಆದರೆ ಅವರು ಬರಲು ಹೊತ್ತು ಹಿಡಿಯುತ್ತದಲ್ಲ, ದೊಡ್ಡ ರಿಪೇರಿ ಅಂತ ಗೊತ್ತಾದ ಕೂಡಲೇ ಅವರಿಗೂ ಹೇಳಿಬಿಡಿ. ಮಳೆಗಾಲದಲ್ಲಿ ಗದಗ, ನವಲಗುಂದದ ಕಡೆ ಗಾಡಿಯನ್ನು ಡಾಂಬರ್ ಬಿಟ್ಟು ಪೂರ್ತಿ ಕೆಳಗೆ ಇಳಿಸಬೇಡಿ. ಎರಿ ಮಣ್ಣಿನಲ್ಲಿ ಚಕ್ರ ಹೂತರೆ ಕೆಟ್ಟ ಗಾಡಿಯ ಜೊತೆ ಇನ್ನೊಂದು ಕೆಲಸ.

ಮತ್ತೆ, ಹೊರಡುವ ಮೊದಲೇ ಟೋಯಿಂಗ್ ಹುಕ್ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಬಹಳಷ್ಟು ಕಾರುಗಳಲ್ಲಿ ಜಾಕ್, ಪಾನಾ ಜೊತೆಗೆ ಡಿಕ್ಕಿಯಲ್ಲಿರುತ್ತದೆ. ಬಂಪರಿನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಹಾಕಬೇಕು. ಯಾರೇ ಎಳೆಯಲು ಬಂದರೂ ಮೊದಲು ಕೇಳುವುದು ಅದನ್ನೇ.