ಎನ್‌ಸಿಸಿಗೆ ಸೇರಿಸೋ ಮುಂಚೆ ಪರೇಡ್ ನೋಡಿಕೊಂಡು ಬನ್ನಿ

ಹಾಸನದ ಸಂತೆಪೇಟೆ ಹತ್ತಿರ ನನ್ನ ಹೊಲಿಗೆ ಅಂಗಡಿ. ದೊಡ್ಡ ಮಗಳು ಎಂಟು, ಒಂಬತ್ತನೇ ಕ್ಲಾಸಿನಲ್ಲಿ ಎನ್‌ಸಿಸಿ ಜೂನಿಯರ್ ವಿಂಗ್‌ನಲ್ಲಿ, ಅಂದರೆ ಶಾಲೆಯ ಹೆಣ್ಣುಮಕ್ಕಳ ವಿಭಾಗದಲ್ಲಿ ಇದ್ದಳು. ಆ ಎರಡು ವರ್ಷದ ಕೊನೆಗೆ ಬರೆಯೋ ‘ಎ’ ಸರ್ಟಿಫಿಕೇಟ್ ಪರೀಕ್ಷೆಯೂ ಮುಗೀತು. ಅಂಗಡಿಗೆ ಬರೋ ತಾಯಂದಿರು ಗೋಡೆಗೆ ನೇತುಹಾಕಿರೋ ಖಾಕಿ ಶರ್ಟ್ ನೋಡಿ, “ಸೇರಿಸಬಹುದಾ ಅಕ್ಕ, ಓದಿಗೆ ತೊಂದರೆ ಆಗಲ್ವಾ?” ಅಂತ ಕೇಳ್ತಾನೇ ಇರ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲ ವರ್ಷ ನನಗೆ ಸಿಟ್ಟೇ ಬಂದಿತ್ತು. ಶಾಲೆಯ ಹೆಸರು ಬೇಡ. ಎನ್‌ಸಿಸಿ ನೋಡಿಕೊಳ್ಳೋ ಮೇಷ್ಟ್ರಿಗೆ ಅದರಲ್ಲಿ ಮನಸ್ಸೇ ಇರಲಿಲ್ಲ. ಶನಿವಾರ ಬೆಳಿಗ್ಗೆ ನಾನು ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟ ಬಟ್ಟೆ ಹಾಕಿಕೊಂಡು ಹೋದವಳು, ‘ಇವತ್ತೂ ಪರೇಡ್ ಇಲ್ಲ’ ಅಂತ ಒಂಬತ್ತಕ್ಕೆಲ್ಲ ವಾಪಸ್. ಪರೀಕ್ಷೆಗೆ ಕೂರಬೇಕಾದರೆ ಪರೇಡಿನಲ್ಲಿ ಶೇಕಡಾ 75 ಹಾಜರಿ ಇರಬೇಕು. ಪರೇಡೇ ನಡೆಯದಿದ್ದರೆ ಮಕ್ಕಳು ಕಲಿಯೋದಾದರೂ ಏನು? ಕೊಟ್ಟ ಬೂಟೂ ಅಷ್ಟೇ, ಅವಳ ಕಾಲಿಗಿಂತ ಒಂದು ಅಳತೆ ದೊಡ್ಡದು. ಹಿಮ್ಮಡಿ ಎರಡರಲ್ಲೂ ಬೊಬ್ಬೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಎರಡು ಜೊತೆ ಕಾಲುಚೀಲ ಹಾಕಿ ಕಳಿಸ್ತಿದ್ದೆ. ಪ್ಯಾಂಟಿನ ಸೊಂಟವನ್ನಂತೂ ಎರಡು ಇಂಚು ಹಿಡಿದೆ. ಅವಳದ್ದು ನೋಡಿ ಅವಳ ಟ್ರೂಪಿನ ಹನ್ನೊಂದು ಹುಡುಗಿಯರು ತಮ್ಮ ಪ್ಯಾಂಟೂ ತಂದರು. ಯಾರ ಹತ್ತಿರಾನೂ ಕಾಸು ತಗೊಳ್ಳಲಿಲ್ಲ.

ಎರಡನೇ ವರ್ಷ ಬೇರೆ ಮಿಸ್ ಬಂದರು. ಗ್ವಾಲಿಯರ್‌ನ ಎನ್‌ಸಿಸಿ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಬಂದವರು. ಮಕ್ಕಳಿಗಿಂತ ಮುಂಚೆ ಮೈದಾನದಲ್ಲಿ ಇರ್ತಿದ್ದರು, ತಾವೂ ಖಾಕಿಯಲ್ಲೇ. ಅದೇ ಶಾಲೆ, ಅದೇ ಮೈದಾನ, ಅದೇ ಮಕ್ಕಳು. ಆದರೆ ಬೆಟಾಲಿಯನ್‌ನಿಂದ ಬರೋ ಹವಾಲ್ದಾರ್ ಸರ್ ‘ಸಾವಧಾನ್’, ‘ವಿಶ್ರಾಮ್’, ‘ದಾಹಿನೇ ಮುಡ್’ ಅಂದರೆ ಮಿಸ್ ಪಕ್ಕದಲ್ಲಿ ನಿಂತು ಯಾವ ಕಾಲು ಮೊದಲು, ಯಾವ ಹಿಮ್ಮಡಿ ಮೇಲೆ ತಿರುಗಬೇಕು ಅಂತ ಕನ್ನಡದಲ್ಲಿ ಬಿಡಿಸಿ ಹೇಳ್ತಿದ್ದರು. ಹಿಂದಿ ಗೊತ್ತಿಲ್ಲದ ನಮ್ಮ ಮಕ್ಕಳಿಗೆ ಅದು ಎಷ್ಟು ಧೈರ್ಯ ಕೊಟ್ಟಿತು ಅಂತ ನಾನು ಕಾಂಪೌಂಡ್ ಹೊರಗೆ ನಿಂತು ಕಣ್ಣಾರೆ ನೋಡಿದ್ದೀನಿ. ನನ್ನ ಪ್ರಕಾರ ಎನ್‌ಸಿಸಿ ಚೆನ್ನಾಗಿರೋದೂ ಕೆಡೋದೂ ಆ ಒಬ್ಬ ಮೇಷ್ಟ್ರ ಕೈಯಲ್ಲೇ.

ಡ್ರಿಲ್ ಮಾತ್ರ ಅಂತ ಅಂದುಕೊಂಡಿದ್ದೆ. ಅಲ್ಲ. ನಕ್ಷೆ ಓದೋದು, ಪ್ರಥಮ ಚಿಕಿತ್ಸೆ, ದೂರ ಅಂದಾಜು ಮಾಡೋದು, ಇವೆಲ್ಲ ಇದೆ. ಗೊರೂರಿನ ನಮ್ಮಣ್ಣನ ತೋಟಕ್ಕೆ ಹೋಗಿದ್ದಾಗ ಏರಿ ಮೇಲೆ ನಿಂತು, “ಅಮ್ಮ, ಆ ಒಂಟಿ ತೆಂಗಿನ ಮರ ಮುನ್ನೂರು ಮೀಟರ್ ಇದೆ” ಅಂದಳು. ನೂರು ಮೀಟರ್ ಎಷ್ಟು ಅಂತ ಕಣ್ಣಲ್ಲಿ ಇಟ್ಟುಕೊಂಡು, ಮರದ ತನಕ ಅಂಥವು ಎಷ್ಟು ಹಿಡಿಸುತ್ತೆ ಅಂತ ಎಣಿಸಬೇಕಂತೆ. ಮಧ್ಯೆ ಹಳ್ಳ ಇದ್ದರೆ ಮರ ಇರೋದಕ್ಕಿಂತ ಹತ್ತಿರ ಕಾಣುತ್ತೆ, ಮಬ್ಬು ಬೆಳಕಿನಲ್ಲಿ ದೂರ ಕಾಣುತ್ತೆ ಅಂತಾನೂ ಹೇಳಿದಳು. ಅಣ್ಣ ಹೆಜ್ಜೆ ಹಾಕಿ ಅಳೆದೇಬಿಟ್ಟ. ಹೆಚ್ಚುಕಮ್ಮಿ ಸರಿಯಾಗೇ ಇತ್ತು.

ಹತ್ತು ದಿನದ ಕ್ಯಾಂಪಿಗೆ ಕಳಿಸೋಕೆ ನನಗೆ ಭಯ ಇತ್ತು. ತಟ್ಟೆ, ಲೋಟ, ಹಾಸಿಗೆ, ಬೀಗ ಎಲ್ಲ ನಾವೇ ಕಟ್ಟಿಕೊಡಬೇಕು. ಊಟ ಹೊಟ್ಟೆ ತುಂಬ ಹಾಕ್ತಾರೆ. ಆದರೆ ಹೆಣ್ಣುಮಕ್ಕಳ ಸ್ನಾನದ ಮನೆ ಸಾಲದು. ನಾಲ್ಕು ಗಂಟೆಗೇ ಎದ್ದು ಸಾಲು ನಿಲ್ಲಬೇಕಾಯಿತಂತೆ, ಮುಟ್ಟಿನ ದಿನಗಳಲ್ಲಂತೂ ತುಂಬ ಕಷ್ಟವಾಯಿತಂತೆ. ಇದು ಸರಿಯಾಗಲೇಬೇಕು. ಪ್ಯಾಡು, ಕಪ್ಪು ಒಳ ಉಡುಪು, ಒಂದು ಟಾರ್ಚು ಮರೆಯದೆ ಕಳಿಸಿ.

ಅಲ್ಲಿಂದ ಅವಳು ತಂದಿದ್ದು ಗುರಿ ಹೊಡೆದ ಒಂದು ಕಾಗದ. ಪಾಯಿಂಟ್ ಟೂ ಟೂ ರೈಫಲ್, ಮಲಗಿಕೊಂಡು ಹೊಡೆದ ಐದು ಗುಂಡು. ಒಂದೂ ನಡುವಿಗೆ ಬಿದ್ದಿಲ್ಲ, ಎಲ್ಲವೂ ಎಡಕ್ಕೆ. ಆದರೆ ಐದು ತೂತೂ ಒಂದೇ ಕಡೆ, ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗೋ ಹಾಗೆ. “ಗ್ರೂಪಿಂಗ್ ಮುಖ್ಯ ಅಮ್ಮ, ಎಲ್ಲ ಒಂದೇ ಕಡೆ ಬಿದ್ದರೆ ಕೈ ನಡುಗಿಲ್ಲ ಅಂತ ಅರ್ಥ” ಅಂದಳು. ಮೂರು ವರ್ಷದ ಹಿಂದೆ ನೆಂಟರ ಮುಂದೆ ಹೆಸರು ಹೇಳೋಕೆ ನನ್ನ ಸೆರಗಿನ ಹಿಂದೆ ನಿಲ್ತಿದ್ದ ಹುಡುಗಿ ಇವಳು.

ಓದಿನ ವಿಷಯ: ಗಣಿತದಲ್ಲಿ ಒಂದು ಟೆಸ್ಟಿನಲ್ಲಿ ಕಮ್ಮಿ ಬಂತು, ಕ್ಯಾಂಪು ಮುಗಿದ ವಾರವೇ ಇದ್ದದ್ದರಿಂದ. ಆಮೇಲೆ ಸರಿಹೋಯಿತು. ಸರ್ಟಿಫಿಕೇಟಿನಿಂದ ಏನು ಸಿಗುತ್ತೆ ಅಂತ ಕೇಳೋರಿಗೆ: ಸೈನ್ಯದ ಆಫೀಸರ್ ಹುದ್ದೆಗೆ ಬರವಣಿಗೆ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ (ಆಫೀಸರ್‌ಗಳನ್ನ ಆರಿಸೋ ಮಂಡಳಿ) ಸಂದರ್ಶನಕ್ಕೆ ಹೋಗೋ ದಾರಿ ಇರೋದು ಕಾಲೇಜಿನಲ್ಲಿ ಸಿಗೋ ‘ಸಿ’ ಸರ್ಟಿಫಿಕೇಟಿಗೆ. ‘ಎ’ ಅದಕ್ಕೆ ಮೊದಲ ಮೆಟ್ಟಿಲು, ಅಷ್ಟೇ.

ಜೂನ್‌ಗೆ ಚಿಕ್ಕವಳು ಎಂಟಕ್ಕೆ ಬರ್ತಾಳೆ, ಹದಿಮೂರೂ ತುಂಬಿದೆ. ಅವಳನ್ನ ಬೇರೆ ಶಾಲೆಗೆ ಸೇರಿಸ್ತಿದ್ದೀವಿ. ‘ಎನ್‌ಸಿಸಿ ಇದೆ’ ಅಂತ ಅಲ್ಲಿಯ ಆಫೀಸಿನಲ್ಲಿ ಹೇಳಿದರು. ನಾನು ಅಷ್ಟಕ್ಕೇ ಬಿಡಲಿಲ್ಲ. ಎರಡು ಶನಿವಾರ ಬೆಳಿಗ್ಗೆ ಅಂಗಡಿ ತಡವಾಗಿ ತೆಗೆದು ಅವರ ಮೈದಾನದ ಹತ್ತಿರ ಹೋಗಿ ನಿಂತು ಬಂದೆ. ಎರಡು ವಾರವೂ ಪರೇಡ್ ನಡೀತು, ಮಿಸ್ ಬಂದಿದ್ದರು. ಅಕ್ಕನ ಪ್ಯಾಂಟಿನ ಸೊಂಟ ಬಿಚ್ಚಿ ಮತ್ತೆ ಹಿಡೀತಿದ್ದೀನಿ.